‘ಹೋಗ್ತೀನಿ’ ಅನ್ನುವವಳು

ಹನ್ನೆರಡನೇ ತಾರೀಕು, ಮಂಗಳವಾರ

ಹೊಸ ನರ್ಸಮ್ಮ ಇವತ್ತೂ ಊರ ಬಾಯಿಗೆ ಬಿದ್ದಳು. ಬೇರೆ ಕಡೆಯ ಹುಡುಗಿ. ನಮ್ಮ ಭಾಷೆ ಕಲಿತಿದ್ದಾಳೆ, ಆದರೆ ಯಾರ ಮನೆಯಿಂದ ಹೊರಟರೂ ‘ಬರ್ತೀನಿ’ ಅನ್ನದೆ ‘ಹೋಗ್ತೀನಿ’ ಅನ್ನುತ್ತಾಳೆ. ರೋಗಿಯ ಮಂಚದ ಪಕ್ಕ ನಿಂತು ಆಡುವ ಮಾತೇ ಅದು? ಬಟ್ಟೆ ಹೊಲಿಸಲು ಬಂದವರೆಲ್ಲ ನನ್ನ ಮಿಷನ್ ಮುಂದೆ ಕೂತು ಅದನ್ನೇ ಎಳೆದಾಡಿದರು.

‘ನಾಳೆಯಿಂದ ಅವಳು ನಮ್ಮನೆ ಬಾಗಿಲಿಗೆ ಬರೋದೇ ಬೇಡ,’ ಅಂದುಬಿಟ್ಟಳು ಅಂಗಡಿಯಾಕೆ. ಅವಳ ಮಾವನ ಕೆಮ್ಮು ಬೀದಿಗೆಲ್ಲ ಕೇಳಿಸುತ್ತದೆ. ಆದರೂ ಇವಳಿಗೆ ಶಕುನವೇ ದೊಡ್ಡದು.

ಸಂಜೆ ಅತ್ತೆಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ನರ್ಸಮ್ಮ ಬಂದಾಗ ನಾನೇ ಮೆಲ್ಲಗೆ ಹೇಳಿದೆ: ‘ಹೊರಡುವಾಗ ಬರ್ತೀನಿ ಅನ್ನಬೇಕಮ್ಮಾ.’

‘ನಾಳೆ ನಾನು ಬರಲ್ವಲ್ಲ ಅಕ್ಕಾ, ಪಕ್ಕದೂರಿಗೆ ಹೋಗಬೇಕು. ಬರ್ತೀನಿ ಅಂದ್ರೆ ಅಜ್ಜಿ ಕಾಯ್ತಾ ಕೂರಲ್ವಾ?’

ನನ್ನ ಗಂಡ ಇದೇ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ‘ಬರ್ತೀನಮ್ಮಾ’ ಅಂತ ಬಾಯ್ತುಂಬ ಹೇಳಿಯೇ ಹೋದ, ಮಹಾರಾಯ. ಎಷ್ಟು ವರ್ಷವಾಯಿತು! ಅಂದಿನಿಂದ ಅತ್ತೆ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಾರೆ. ನಾವಿಬ್ಬರೂ ಆ ಮಾತೆತ್ತುವುದಿಲ್ಲ.

ಹುಡುಗಿ ಚೀಲ ಹೆಗಲಿಗೇರಿಸಿ, ನನ್ನ ಮುಖ ನೋಡಿ, ತಡವರಿಸಿ, ಕೊನೆಗೆ ‘ಹೋಗ್ತೀನಿ ಅಜ್ಜಿ’ ಅಂದೇಬಿಟ್ಟಳು. ಅತ್ತೆ ಸಿಡುಕುತ್ತಾರೆ ಅಂದುಕೊಂಡೆ.

‘ಹೋಗು ತಾಯಿ,’ ಅಂದರು. ‘ಹೋಗೋದನ್ನ ಹೋಗ್ತೀನಿ ಅಂತ ಹೇಳೋರೇ ವಾಸಿ.’

ಕಣ್ಣು ಎಳೆಯುತ್ತಿದೆ, ದೀಪ ಆರಿಸಬೇಕು. ಅತ್ತೆ ಇವತ್ತು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ.