ಬೂದು ಬಣ್ಣದ ನಲವತ್ತು ಸಾಲು

ಔಷಧಿ ಗೋದಾಮಿನ ಮೇಲ್ಕೋಣೆ
೧೪ನೇ ತಾರೀಕು, ಶುಕ್ರವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಮಾನ್ಯ ಅಧ್ಯಕ್ಷರೇ, ಸೋಫಾದ ಮೇಲೆ ಆಸೀನರಾಗಿರುವ ಗಣ್ಯರೇ, ಅಡುಗೆಮನೆಯಿಂದಲೇ ಕಿವಿಗೊಟ್ಟಿರುವ ಭಾವನವರೇ! ಕಣ್ಣಿನ ಆಪರೇಷನ್ ಆದಮೇಲೆ ನಿನಗೆ ಬಂದ ಕಾಗದಗಳನ್ನೆಲ್ಲ ಮಗಳು ಪುಟ್ಟಿಯೇ ಗಟ್ಟಿಯಾಗಿ ಓದುತ್ತಾಳಂತಲ್ಲ, ಅದಕ್ಕೇ ಈ ಸಭಾವಂದನೆ. ಕಣ್ಣು ಹೇಗಿದೆ? ಹನಿಮದ್ದು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ, ಊರಿಗೆಲ್ಲ ಔಷಧಿ ಕಳಿಸಿದವಳಿಗೆ ತನ್ನದೇ ನೆನಪಿಲ್ಲವೋ?

ಹೊಸಬರಿಗೆ ಪಾಠ ಹೇಳಲು ಬನ್ನಿ ಎಂದು ನಿನ್ನನ್ನು ಕರೆದ ಆಫೀಸೇ ಈಗ ‘ಬರುವುದು ಬೇಡ’ ಎಂದು ಬರೆದಿದೆ, ಯಾಕೋ ತಮ್ಮಾ ಎಂದು ಕೇಳಿದ್ದೀಯ. ಹೇಳುತ್ತೇನೆ. ಮೊದಲು ಇಲ್ಲಿನ ಸಮಾಚಾರ. (ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಿಟಕಿ ಹಾಕಿ, ತೆಗೆದು ಬಂದೆ.) ನೀನು ಇಪ್ಪತ್ತು ವರ್ಷ ಕೂತ ಕುರ್ಚಿಯಲ್ಲೇ ನಾನು ಕೂತಿದ್ದೇನೆ, ಆದರೆ ಕಂಪ್ಯೂಟರಿನಲ್ಲಿ ನಿನ್ನ ಕಪ್ಪು ಪರದೆ, ಹಸಿರು ಅಕ್ಷರ ಹೋದವು. ಪ್ರೋಗ್ರಾಮ್ ಬರೆಯುವ ಭಾಷೆ ಅದೇ ಮುದಿ ಕೋಬಾಲ್; ಮನೆ ಮಾತ್ರ ಹೊಸದು. ಬರೆಯುವುದು, ತಪ್ಪು ಹುಡುಕುವುದು, ಓಡಿಸಿ ನೋಡುವುದು ಎಲ್ಲ ಒಂದೇ ಪರದೆಯಲ್ಲಿ. ಸಾಲು ಮುಗಿಯುವ ಮೊದಲೇ ಕೆಂಪು ಗೆರೆ ಎಳೆಯುತ್ತದೆ, ನೀನು ನನ್ನ ಕಾಪಿ ಪುಸ್ತಕ ತಿದ್ದುತ್ತಿದ್ದ ಹಾಗೆ. ಪ್ರೋಗ್ರಾಮಿನಲ್ಲಿ ಯಾರೂ ಹೆಸರು ಹಿಡಿದು ಕೆಲಸಕ್ಕೆ ಕರೆಯದ ಸಾಲುಗಳನ್ನು ಬೂದು ಬಣ್ಣಕ್ಕೆ ತಿರುಗಿಸಿ, ‘ಅಳಿಸಲೇ?’ ಎಂದು ವಿನಯದಿಂದ ಕೇಳುತ್ತದೆ.

ನಿನ್ನ ನಲವತ್ತು ಸಾಲು ಹಾಗೆ ಬೂದಾದವು. ತಣ್ಣಗಿರಬೇಕಾದ ಔಷಧಿಯ ಚೀಟಿಯ ಮೇಲೆ ‘ಐಸ್ ಹಾಕಿ’ ಎಂದು ಅಚ್ಚು ಮಾಡುವ ಸಾಲುಗಳು. ಅವನ್ನು ಕರೆಯುವ ಹೆಸರನ್ನು ನೀನು ಪ್ರೋಗ್ರಾಮಿನೊಳಗೆ ಬರೆದಿರಲಿಲ್ಲ, ಬೇರೆ ಫೈಲಿನ ಔಷಧಿ ಪಟ್ಟಿಯಲ್ಲಿ ಇಟ್ಟಿದ್ದೆ; ಹೊಸ ಪರದೆಗೆ ಆ ಪಟ್ಟಿ ಕಾಣದು. ಯಾರೋ ಪುಣ್ಯಾತ್ಮರು ಹೂಂ ಅಂದರು. ಒತ್ತಿದ್ದು ಒಂದೇ ಕೀಲಿ, ಹಾರಿತು ನಲವತ್ತು ಸಾಲಿನ ಬೇಲಿ! ನೀನು ನನಗೆ ಪ್ರಾಸಪ್ಪ ಎಂದು ಸುಮ್ಮನೆ ಹೆಸರಿಟ್ಟಿಲ್ಲ ಬಿಡು. ಮರುದಿನ ಹದಿನಾರು ಪೆಟ್ಟಿಗೆ ಐಸ್ ಇಲ್ಲದೆ ಹೊರಟವು. ಆಸ್ಪತ್ರೆಯಲ್ಲಿ ಔಷಧಿ ಇಳಿಸಿಕೊಳ್ಳುವಾಕೆ ಮುಟ್ಟಿ ನೋಡಿ ಹಿಂದಕ್ಕೆ ಕಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಲಾರಿ ಡ್ರೈವರ್ ಮಾತ್ರ, “ಏನ್ ಸಾರ್, ಔಷಧಿಗೇ ಜ್ವರ ಬರ್ಸಿದ್ದೀರಲ್ಲ!” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಹೆಚ್ಚೇ.

ಸಾಲುಗಳನ್ನು ಮತ್ತೆ ಸೇರಿಸಿದ್ದಾಯಿತು. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ಮೂರು ಸಲ ಮ್ಯಾನೇಜರರ ಬಾಗಿಲು ತಟ್ಟಿ, ‘ಟೀ ತರಿಸ್ಲಾ ಸಾರ್?’ ಎಂದು ಕೇಳಿ ಬಂದೆ. ಮೂರನೇ ಸಲ, “ಏನಾಗಿದೆ ರೀ ನಿಮಗೆ ಇವತ್ತು?” ಅಂದರು.

ಭಾವನವರಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ. ಕಣ್ಣು ಉಜ್ಜಬೇಡ.

ನಿನ್ನ ತಮ್ಮ,
ಪ್ರಾಸಪ್ಪ

ತಾ.ಕ.: ಪುಟ್ಟೀ, ಅಲ್ಲಿಗೇ ಮಡಿಸಿಡಬೇಡ, ಇದನ್ನೂ ಗಟ್ಟಿಯಾಗಿ ಓದು. ಆ ಪುಣ್ಯಾತ್ಮ ನಾನೇ. ಆ ಸಾಲುಗಳ ಮೇಲೆ ‘ತಮ್ಮಾ, ಪಟ್ಟಿ ನೋಡದೆ ಮುಟ್ಟಬೇಡ’ ಎಂದು ನಿಮ್ಮಮ್ಮ ಬರೆದಿಟ್ಟಿದ್ದಳು. ಓದಿಯೂ ಅಳಿಸಿದೆ. ಮ್ಯಾನೇಜರ್ ಕೇಳಿದಾಗ, ‘ಅಕ್ಕ ಬರೆದದ್ದೇ ತಪ್ಪು ಸಾರ್’ ಅಂದೆ. ‘ಬರುವುದು ಬೇಡ’ ಎಂಬ ಆ ಕಾಗದ ನಿನಗೆ ಬಂದದ್ದು ಅದಕ್ಕೇ, ಅಕ್ಕಾ. ಇದಕ್ಕೆ ಪ್ರಾಸ ಸಿಗಲಿಲ್ಲ.