ಕೊನೆಯ ಮನೆಯ ಬಾಗಿಲು

ಮಾರ್ಚ್ 4, ಬೆಳಿಗ್ಗೆ

ಆರೂಕಾಲರ ಪ್ಯಾಸೆಂಜರ್ ಹತ್ತು ನಿಮಿಷ ಲೇಟು. ಮರದ ಮಿಲ್ಲಿನ ಸೈರನ್ ಮಾತ್ರ ಏಳಕ್ಕೆ ಸರಿಯಾಗಿ. ನಲವತ್ತು ವರ್ಷ ಆ ಮಿಲ್ಲಿನ ಗರಗಸ ಮಸೆದವನು ನಾನು. ರಿಟೈರಾಗಿ ಆರು ವರ್ಷವಾದರೂ ಸೈರನ್ ಕೇಳಿದ ಕೂಡಲೇ ಕೈ ಹಲ್ಲು ಮಸೆಯುವ ಅರ ಹುಡುಕುತ್ತದೆ.

ಸ್ಟೇಷನ್ ಮಾಸ್ಟರು ಸಿಕ್ಕಿದ್ದರು. ಊರಿಗೆ ರೈಲು ಬಂದು ಮುಂದಿನ ತಿಂಗಳಿಗೆ ನೂರು ವರ್ಷ. ಪ್ಲಾಟ್‌ಫಾರ್ಮಿನಲ್ಲಿ ಬೋರ್ಡು ಹಾಕಿಸುತ್ತಾರಂತೆ. ಊರಿನ ಇತಿಹಾಸ, ಹತ್ತೇ ಸಾಲು.

"ನೀವೇ ಬರ್ದುಕೊಡಿ ಸಾರ್. ನಿಮ್ಮಜ್ಜನೇ ಅಲ್ವಾ ಶುರು ಮಾಡಿದ್ದು?"

ಅಲ್ಲದೆ ಮತ್ತೆ! ಬರೀ ಕಾಡಿದ್ದ ಜಾಗ. ಹಳಿಯ ಕೆಳಗೆ ಹಾಸುವ ಮರದ ಸ್ಲೀಪರ್ ನಾನೂರು ಬೇಕೆಂದು ರೈಲ್ವೆಯವರು ಕೇಳಿದ್ದು ಅಜ್ಜನನ್ನೇ. ಅವನ ಕೈಗರಗಸದಿಂದ ಮಿಲ್ಲು, ಮಿಲ್ಲಿನಿಂದ ಊರು. ಮೊದಲ ಸಾಲು ಆಗಲೇ ಬರೆದಾಯಿತು.

ಮಾರ್ಚ್ 6

ಹೆಂಡತಿಗೆ ಓದಿ ಹೇಳಿದೆ. "ಹತ್ತು ಸಾಲಲ್ಲಿ ಏಳು ನಿಮ್ಮಜ್ಜಂದೇ ಆಯ್ತಲ್ರೀ. ಊರಲ್ಲಿ ಬೇರೆ ಯಾರೂ ಇರ್ಲೇ ಇಲ್ವಾ?"

ಒಂದು ಸಾಲು ಕಡಿಮೆ ಮಾಡಿದೆ. ಒಂದೇ.

ಮಾರ್ಚ್ 9, ಸಂಜೆ

ಬರೆಯಲು ಮನಸ್ಸಿಲ್ಲ... ಸ್ಟೇಷನ್ನಿನ ಹಳೇ ಪೆಟ್ಟಿಗೆಯಲ್ಲಿ ಒಂದು ರಿಜಿಸ್ಟರ್ ಸಿಕ್ಕಿದೆ. ಮಾಸ್ಟರು ಬಾಗಿಲು ಹಾಕಿ ತೋರಿಸಿದರು. "ಸ್ಲೀಪರ್ ನಾನೂರು. ಇರಬೇಕಾದ್ದು ಆರಡಿ. ಹೆಚ್ಚಿನವು ಗಿಡ್ಡ. ಪೂರ್ತಿ ವಾಪಸ್." ಕೆಳಗೆ ಅಜ್ಜನ ಹೆಬ್ಬೆಟ್ಟು.

"ಯಾರಿಗ್ ಗೊತ್ತಾಗತ್ತೆ, ಬಿಡಿ ಸಾರ್," ಅಂದರು. ಒಳ್ಳೆಯ ಮನುಷ್ಯ. ಅದಕ್ಕೇ ಇನ್ನೂ ನಾಚಿಕೆಯಾಯಿತು. ಜೀವಮಾನವಿಡೀ ಅಜ್ಜನ ಹೆಸರು ಹೇಳಿಕೊಂಡು ಎದೆ ಉಬ್ಬಿಸಿ ತಿರುಗಿದವನು ನಾನು.

ಮಾರ್ಚ್ 17

ಎಂಟು ದಿನ ಸ್ಟೇಷನ್ ಕಡೆ ತಲೆ ಹಾಕಿಲ್ಲ. ಇವತ್ತು ಹೆಂಡತಿ ಹಿಡಿದು ಕೂರಿಸಿ ಬಾಯಿ ಬಿಡಿಸಿದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ:

"ಅಷ್ಟೊಂದು ಮರ ವಾಪಸ್ ಬಂತಲ್ಲ, ಎಲ್ಲಿ ಹೋಯ್ತು?"

ನಮ್ಮ ಬಾಗಿಲಿನ ಕಡೆ ನೋಡಿದೆ. ದಪ್ಪ ಚೌಕಟ್ಟು. ಬಂದವರೆಲ್ಲ ಹಣೆ ಚಚ್ಚಿಸಿಕೊಳ್ಳುವ ಚೌಕಟ್ಟು. ಟೇಪು ಎಲ್ಲಿಟ್ಟಿದ್ದೇನೆ?

ಮಾರ್ಚ್ 18, ಮಧ್ಯಾಹ್ನ

ಅಜ್ಜನೂ ಅವನ ಆಳುಗಳೂ ಮೊದಲು ನೆಲೆಸಿದ್ದು ನಮ್ಮ ಬೀದಿಯಲ್ಲೇ; ಅದರ ಮೂವತ್ತೊಂದು ಬಾಗಿಲನ್ನೂ ಅಳೆದೆ, ಎಲ್ಲಕ್ಕೂ ಅದೇ ದಪ್ಪ ಮರ. ತಲೆ ಕೆಟ್ಟಿದೆ ಅಂದುಕೊಂಡರು ಜನ. ಅಂದುಕೊಳ್ಳಲಿ.

ಮೊದಲ ಮನೆ, ಸರಿಯಾಗಿ ಆರಡಿ. ಹತ್ತನೆಯದು ಎರಡಿಂಚು ಕಡಿಮೆ. ಇಪ್ಪತ್ತನೆಯದು ನಾಲ್ಕು. ಬೀದಿಯುದ್ದಕ್ಕೂ ಇಳಿಯುತ್ತಾ ಬಂದು ಕೊನೆಯ ಮನೆ, ನಮ್ಮದು, ಐದೂವರೆ ಅಡಿ.

ಗರಗಸದವನಿಗೆ ಇದು ಕೂಡಲೇ ಹೊಳೆಯಬೇಕಿತ್ತು. ಅಜ್ಜ ಅಳತೆಕೋಲು ಹಿಡಿದಿದ್ದು ಮೊದಲನೆಯದಕ್ಕೆ ಮಾತ್ರ. ಆಮೇಲೆ ಕುಯ್ದ ಮರವನ್ನೇ ಮುಂದಿನ ಮರದ ಮೇಲಿಟ್ಟು ಗುರುತು ಹಾಕಿದ್ದಾನೆ. ಪ್ರತಿ ಸಲ ಗರಗಸ ಕೂದಲೆಳೆಯಷ್ಟು ತಿಂದಿದೆ. ನಾನೂರನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಅಡಿ ಮಾಯ!

ಮಿಲ್ಲಿಗೆ ಸೇರಿದ ದಿನ ಅಪ್ಪ ಹೇಳಿದ್ದರು: "ಮರ ಇಟ್ಟು ಮರ ಅಳೀಬೇಡ ಕಣೋ. ಪ್ರತಿ ಸಲಾನೂ ಕೋಲು ತಗೋ." ಇವತ್ತಿಗೂ ಹೊಸಬರಿಗೆ ಅಲ್ಲಿ ಮೊದಲು ಹೇಳುವುದು ಅದನ್ನೇ. ಎಲ್ಲಿಂದ ಬಂದ ಮಾತು ಎಂದು ಇಂದು ತಿಳಿಯಿತು.

ಮಾರ್ಚ್ 19

ಸ್ಟೇಷನ್ನಿಗೆ ಹೋಗಿ, ರಿಜಿಸ್ಟರಿನ ಮುಂದಿನ ಪುಟ ತಿರುಗಿಸಲು ಮಾಸ್ಟರನ್ನು ಕೇಳಿದೆ. ಮೂರು ತಿಂಗಳ ನಂತರದ ತಾರೀಖು. "ಸ್ಲೀಪರ್ ನಾನೂರು. ಎಲ್ಲವೂ ಆರಡಿ. ಪಡೆಯಲಾಗಿದೆ." ಅದೇ ಹೆಬ್ಬೆಟ್ಟು.

ಮತ್ತೆ ಕಾಡಿಗೆ ಹೋಗಿದ್ದಾನೆ! ವಾಪಸ್ ಬಂದ ಮರದಲ್ಲಿ ತನ್ನ ಆಳುಗಳಿಗೆ ಮನೆ ಕಟ್ಟಿಸಿಕೊಟ್ಟಿದ್ದಾನೆ. ಉದ್ದದ್ದನ್ನೆಲ್ಲ ಅವರಿಗೆ ಕೊಟ್ಟು, ಎಲ್ಲಕ್ಕಿಂತ ಗಿಡ್ಡದ್ದನ್ನು ತಾನಿಟ್ಟುಕೊಂಡ. ಬೇಕಿದ್ದರೆ ಮೊದಲ ಮನೆ ಅವನದೇ ಆಗುತ್ತಿತ್ತು. ಯಜಮಾನ ಅವನೇ ತಾನೇ?

ಪ್ಲಾಟ್‌ಫಾರ್ಮಿನಲ್ಲೇ ಕಣ್ಣು ತುಂಬಿ ಬಂತು. ಇರಲಿ. ಹಳೇ ಹಾಳೆ ಹರಿದೆ.

ಏಪ್ರಿಲ್ 11, ಬೆಳಿಗ್ಗೆ

ಇವತ್ತು ಬೋರ್ಡು. ಅಜ್ಜನಿಗೆ ಮೂರೇ ಸಾಲು. ನಾನೂರು ತಪ್ಪು ಕುಯ್ದ, ನಾನೂರು ಸರಿ ಕುಯ್ದ, ತಪ್ಪಿನಲ್ಲಿ ಒಂದು ಬೀದಿ ಕಟ್ಟಿದ. ಉಳಿದದ್ದು ಮೂವತ್ತು ಮನೆಯವರದು.

"ಈಗ ನೆಟ್ಟಗಾಯ್ತು ನೋಡಿ," ಅಂದಳು ಹೆಂಡತಿ. ಅವಳ ಬಾಯಲ್ಲಿ ಇಷ್ಟು ಬಂದರೆ ಬಹಳವಾಯಿತು.

ಮಗ ಚೌಕಟ್ಟು ಎತ್ತರಿಸೋಣವೇ ಎಂದು ಕೇಳಿದ. ನಾನಿರುವ ತನಕ ಅದಕ್ಕೆ ಉಳಿ ತಾಗಬಾರದು ಎಂದಿದ್ದೇನೆ.

ಕರೆದುಕೊಂಡು ಹೋಗಲು ಸ್ಟೇಷನ್ ಮಾಸ್ಟರೇ ಬರುತ್ತಿದ್ದಾರೆ, ಕಿಟಕಿಯಿಂದ ಕಾಣುತ್ತಿದೆ. ಇಸ್ತ್ರಿ ಮಾಡಿದ ಯೂನಿಫಾರ್ಮು. ಆರಡಿ ಮೇಲಿನ ಆಳು. ಮೆಟ್ಟಿಲು ಹತ್ತಿದರು. ಸಾರ್, ತಲೆ—