ಬಾತ್‌ರೂಮು ನೀವು ತೊಳೆಯಬೇಡಿ

ರೀ,

ಈಗಷ್ಟೇ ನಿದ್ದೆ ಹತ್ತಿತ್ತು ಅಂತ ಎಬ್ಬಿಸಲಿಲ್ಲ. ಬಣ್ಣದ ಕಾರ್ಖಾನೆಗೆ ಹೋಗಿ, ಇನ್ನು ನೀವು ಕೆಲಸಕ್ಕೆ ಬರೋದಿಲ್ಲ ಅಂತ ಹೇಳಿ, ನೋವಿನ ಮಾತ್ರೆ ತೆಗೆದುಕೊಂಡು ಮಧ್ಯಾಹ್ನದೊಳಗೆ ಬರುತ್ತೇನೆ.

ಫ್ಲಾಸ್ಕಿನಲ್ಲಿ ಗಂಜಿ ಇದೆ. ಅರ್ಧ ಲೋಟವಾದರೂ ಕುಡಿಯಿರಿ. ಸಿಂಕಿಗೆ ಸುರಿದರೆ ನನಗೆ ಗೊತ್ತಾಗುತ್ತದೆ. ಉಚ್ಚೆಯಲ್ಲಿ ರಕ್ತ ಹೆಪ್ಪುಹೆಪ್ಪಾಗಿ ಹೋದರೆ, ಇಲ್ಲ ಉಚ್ಚೆಯೇ ಕಟ್ಟಿಕೊಂಡರೆ, ಪಕ್ಕದ ಮನೆ ಟೈಲರನ್ನು ಕೂಗಿ. ನಾಚಿಕೆ ಪಡಬೇಡಿ.

ಬಾತ್‌ರೂಮು ಮಾತ್ರ ತೊಳೆಯಬೇಡಿ. ಹುಟ್ಟಿದಾಗಿನಿಂದ ಪೊರಕೆ ಮುಟ್ಟದ ಗಂಡಸು ಆರು ತಿಂಗಳಿಂದ ದಿನಾ ಬೆಳಗ್ಗೆ ಬ್ರಷ್ ಹಿಡಿದು ತಿಕ್ಕಿದರೆ, ಕೊನೆಗೂ ಬುದ್ಧಿ ಬಂತು ಅಂತ ಅಕ್ಕನ ಹತ್ತಿರ ಜಂಬ ಕೊಚ್ಚಿಕೊಂಡೆನಲ್ಲ ನಾನು! "ನಿನ್ನ ಗಂಡ ಚಿನ್ನ ಕಣೇ" ಅಂದಳು ಅವಳು. ಒಳಚಡ್ಡಿಯ ಕಲೆ ಕೇಳಿದಾಗ "ಕಾರ್ಖಾನೆ ಬಣ್ಣ, ಬಿಡು" ಅಂದಿರಿ. ನಂಬಿದೆ. ನಿಮ್ಮ ಕೈ ಯಾವತ್ತು ಕೆಂಪಗಿರಲಿಲ್ಲ?

ನಿನ್ನೆ ನಿಮ್ಮನ್ನು ಹೊರಗೆ ಕೂರಿಸಿ ಡಾಕ್ಟರು ಹೇಳಿದ್ದನ್ನು ನಿಮಗೆ ಹೇಳಬಾರದು ಅಂದುಕೊಂಡಿದ್ದೆ. "ಆರು ತಿಂಗಳ ಹಿಂದೆ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತಮ್ಮ" ಅಂದರು. ನಾನೇನು ಹೇಳಲಿ? ಆಗ ನಮ್ಮ ಬಾತ್‌ರೂಮು ಫಳಫಳ ಹೊಳೆಯುತ್ತಿತ್ತು ಅಂತಲೇ?

ಬ್ರಷ್ ನನ್ನ ಚೀಲದಲ್ಲಿದೆ, ಹುಡುಕಬೇಡಿ. ಕೆಂಪು ಹೇಗಿದೆಯೋ ಹಾಗೇ ಬಿಟ್ಟು ಬಂದು ಮಲಗಿ. ಉಳಿದಿರುವ ನಾಲ್ಕು ದಿನವಾದರೂ ನನಗೆ ಕಾಣಲಿ.